ಕಲ್ಲು ಕಟ್ಟದ ಕೂಸು

ಆ ಊರಿನಲ್ಲಿ ಯಾರೂ ಸದ್ದಿಲ್ಲದೆ ನಡೆಯುತ್ತಿರಲಿಲ್ಲ. ಹೆಜ್ಜೆ ಎತ್ತಿದರೆ ಸೊಂಟದ ಕಲ್ಲು ತೊಡೆಗೆ ಬಡಿಯುತ್ತಿತ್ತು, ದಪ್ ದಪ್ ದಪ್. ಹೆಂಗಸರು ನೀರಿಗೆ ಹೊರಟರೆ ದಪ್ ದಪ್. ಭಾನುವಾರ ಊರಿಗೆ ಊರೇ ಪ್ರಾರ್ಥನೆ ಮನೆಗೆ ಹೊರಟರಂತೂ, ದೂರದಿಂದ ಕೇಳಿದವರಿಗೆ ಯಾರೋ ಭೂಮಿಯನ್ನು ಬಡಿದು ಎಬ್ಬಿಸುತ್ತಿದ್ದಾರೆ ಅನ್ನಿಸಬೇಕು.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕರಿ ಬೆಟ್ಟ, ನಡುವೆ ಅಂಗೈಯಷ್ಟು ಊರು. ವರ್ಷಕ್ಕೊಮ್ಮೆ ಅಲ್ಲಿಗೆ ಗಾಳಿ ಬರುತ್ತಿತ್ತು. ಅದು ಬರುವ ಮೂರು ದಿನ ಮೊದಲೇ ಕಾಗೆಗಳು ಊರು ಬಿಡುತ್ತಿದ್ದವು. ಮುತ್ತಜ್ಜಂದಿರ ಕಾಲದಲ್ಲಿ ಆ ಗಾಳಿ ಮನುಷ್ಯರನ್ನು ಒಣಹುಲ್ಲು ಎತ್ತಿದ ಹಾಗೆ ಎತ್ತಿಕೊಂಡು ಹೋಯಿತಂತೆ. ಹೋದವರು ತಿರುಗಿ ಬರಲಿಲ್ಲ. ಹೂಳುವುದಕ್ಕೆ ಹೆಣವೂ ಸಿಗಲಿಲ್ಲ. ಉಳಿದವರು ಕೂತು, ಅತ್ತು, ಒಂದು ಕಟ್ಟಳೆ ಮಾಡಿದರು. ಇನ್ನು ಮೇಲೆ ಈ ಊರಿನಲ್ಲಿ ಯಾರೂ ಹಗುರವಾಗಿ ಇರಕೂಡದು.

ಅಂದಿನಿಂದ, ಕೂಸು ಹುಟ್ಟಿದ ನಲವತ್ತನೆಯ ದಿನ ಅದರ ಉಡಿದಾರಕ್ಕೆ ಮೊದಲ ಕಲ್ಲು, ಮುಷ್ಟಿಯಷ್ಟು. ವರ್ಷ ತುಂಬಿದ ಹಾಗೆಲ್ಲ ಅದನ್ನು ಬಿಚ್ಚಿ ಇನ್ನೂ ದೊಡ್ಡದು. ಮದುವೆಯಲ್ಲಿ ಗಂಡಿನ ಕಲ್ಲನ್ನು ಹೆಣ್ಣು ಎತ್ತಿ ನೋಡಬೇಕು, ಹೆಣ್ಣಿನ ಕಲ್ಲನ್ನು ಗಂಡು ಎತ್ತಿ ನೋಡಬೇಕು, ಆಮೇಲೆಯೇ ಉಂಗುರ. ಸತ್ತವರ ಹಗ್ಗವನ್ನು ಗುಂಡಿಯ ಬಾಯಲ್ಲಿ ಕತ್ತರಿಸುತ್ತಿದ್ದರು. ಇಳಿಸಲು ಹಿಡಿದವರೆಲ್ಲ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಅಯ್ಯೋ, ಇವನು ಇಷ್ಟು ಹಗುರ ಇದ್ದನಾ!"

ಕಲ್ಲು ಎಡಕ್ಕೇ ಕಟ್ಟಬೇಕು. ಹಾಗಾಗಿ ಊರೆಲ್ಲ ಎಡಕ್ಕೆ ವಾಲಿತ್ತು. ದರ್ಜಿ ಅಂಗಿಗಳ ಎಡಮಗ್ಗುಲನ್ನು ನಾಲ್ಕು ಬೆರಳು ಗಿಡ್ಡ ಹೊಲಿಯುತ್ತಿದ್ದ. ಓಡುವುದು ನಾಯಿಗಳ ಕೆಲಸ ಎಂದು ಮಕ್ಕಳು ತಿಳಿದುಕೊಂಡಿದ್ದವು. ಪ್ರಾರ್ಥನೆ ಮನೆಯ ಬೆಂಚುಗಳಲ್ಲಿ ಕಲ್ಲು ಕೂತು ಕೂತು ಗುಳಿ ಬಿದ್ದಿತ್ತು. ದೇವರೇ ನಮಗೆ ಆಸರೆ ಎಂದು ಅಲ್ಲಿ ಗಂಟಲು ಬಿಚ್ಚಿ ಹಾಡುತ್ತಿದ್ದರು. ಹಾಡುವಾಗ ಒಂದೇ ಕೈ ಮೇಲೆ ಹೋಗುತ್ತಿತ್ತು. ಇನ್ನೊಂದು ಕೈ ಕಲ್ಲಿನ ಮೇಲೆ.

ಈ ಕಲ್ಲುಗಳನ್ನೆಲ್ಲ ಮಾಡುತ್ತಿದ್ದವನು ಒಬ್ಬನೇ ಕಲ್ಲುಕುಟಿಗ. ಬೆಟ್ಟದ ಬಗಲಲ್ಲಿ ಅವನ ಕಲ್ಲುಕೋರೆ. ಇಪ್ಪತ್ತು ವರ್ಷ ಕಡಿದು ಕಡಿದು, ಅಲ್ಲೊಂದು ಮನೆ ಹಿಡಿಯುವಷ್ಟು ಟೊಳ್ಳು ಆಗಿತ್ತು. ಅಷ್ಟು ಬೆಟ್ಟ ಈಗ ಊರಿನವರ ಸೊಂಟದಲ್ಲಿ ನೇತಾಡುತ್ತಿತ್ತು. ಕೋರೆಯ ದಾರಿ ಕಡಿದಾದದ್ದು. ಕಲ್ಲು ಹೊತ್ತವರು ಹತ್ತಲಾರರು. ಅವನೊಬ್ಬ ಮಾತ್ರ, ಕೆಲಸದ ಹೊತ್ತಿಗೆ ತನ್ನ ಕಲ್ಲನ್ನು ಬುಡದಲ್ಲಿ ಬಿಚ್ಚಿಟ್ಟು ಹತ್ತಬಹುದು ಎಂದು ಹಿರಿಯರ ಅಪ್ಪಣೆ ಇತ್ತು.

ಅವನಿಗೊಬ್ಬಳು ಮಗಳಿದ್ದಳು. ಐದು ವರ್ಷದವಳು. ಅವಳ ಕಲ್ಲನ್ನು ಅವನು ಬೇರೆಯವರ ಕಲ್ಲಿನ ಹಾಗೆ ಮಾಡಿರಲಿಲ್ಲ. ಮರಳಿನಲ್ಲಿ ಉಜ್ಜಿ, ಎಣ್ಣೆ ಹಚ್ಚಿ, ಮೈಗೆ ಚುಚ್ಚದ ಹಾಗೆ ಅಂಚು ತೆಗೆದು, ನಡುವೆ ಒಂದು ಶಿಲುಬೆ ಕೆತ್ತಿದ್ದ. ಹೋದ ವರ್ಷದ ಗಾಳಿ ಒಂಟಿಯಾಗಿ ಬರಲಿಲ್ಲ, ಹಿಂದೆ ಸಮುದ್ರವನ್ನೂ ಕರೆತಂದಿತು. ನೀರು ಅವನ ಎದೆಗೆ ಬಂತು. ಮಗಳನ್ನು ಎತ್ತಿ ಹಿಡಿದ. ಕಲ್ಲು ಅವಳನ್ನು ಕೆಳಕ್ಕೆ ಎಳೆಯಿತು. ನೆನೆದ ಗಂಟು ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿದ, ಆಗಲೂ ಬಿಚ್ಚಲಿಲ್ಲ. ನೀರು ಇಳಿದಾಗ ಅವಳು ಅಲ್ಲೇ ಇದ್ದಳು, ಅವನ ಕಾಲಬುಡದಲ್ಲಿ.

ಊರಿನವರು ಬಂದು ಸಮಾಧಾನ ಹೇಳಿದರು. "ನೋಡಪ್ಪಾ, ಗಾಳಿ ಒಯ್ಯಲಿಲ್ಲವಲ್ಲ. ಎಲ್ಲೂ ಹೋಗಲಿಲ್ಲ ನಿನ್ನ ಮಗಳು. ಕಲ್ಲು ಉಳಿಸಿಕೊಟ್ಟಿತು. ಸ್ತೋತ್ರ ಹೇಳು."

ಅವನು ಸ್ತೋತ್ರ ಹೇಳಲಿಲ್ಲ. ಅಂದಿನಿಂದ ಅವನಿಗೂ ದೇವರಿಗೂ ಮಾತು ಬಿಟ್ಟಿತು. ಕೋರೆಗೆ ಹೋಗುತ್ತಿದ್ದ, ಕಡಿಯುತ್ತಿದ್ದ, ಬರುತ್ತಿದ್ದ. ಭಾನುವಾರ ಬೆಂಚಿನಲ್ಲಿ ಕೂರುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಅವನ ಹೆಂಡತಿ ಬಸುರಿಯಾದಳು. ಹೆತ್ತಳು. ಹೆಣ್ಣು. ಬೆಕ್ಕಿನ ಮರಿಯಷ್ಟು ಕೂಸು.

ಮೂವತ್ತೊಂಬತ್ತನೆಯ ದಿನ ಬೆಳಗ್ಗೆ ತೂಗುವವನು ಬಂದ. ಊರಿನಲ್ಲಿ ಯಾರಿಗೆ ಎಷ್ಟು ಕಲ್ಲು ಎಂದು ತೀರ್ಮಾನಿಸುವವನು ಅವನೇ. ಹೆಗಲ ಮೇಲೆ ಮರದ ತಕ್ಕಡಿ. ತೊಟ್ಟಿಲಿಗೆ ಬಗ್ಗಿ ನೋಡಿ ಮೂಗು ಮುರಿದ.

"ಇದೇನು, ಹತ್ತಿ ಹೆತ್ತಿದ್ದೀಯೇನಮ್ಮ? ಇದಕ್ಕೆ ಮುಷ್ಟಿಗಾತ್ರ ಸಾಲದು. ಎರಡು ಮುಷ್ಟಿ ಬೇಕು."

"ಎರಡು ಮುಷ್ಟಿ ಕಟ್ಟಿದರೆ ಕೂಸು ಉಸಿರಾಡೋದು ಹೇಗಣ್ಣಾ?" ಎಂದಳು ಹೆಂಡತಿ.

"ಉಸಿರಾಡೋದು ಆಮೇಲಿನ ಮಾತು. ಮೊದಲು ನೆಲದ ಮೇಲೆ ನಿಲ್ಲಲಿ."

ಅವನು ಹೋದ ಮೇಲೆ ಹೆಂಡತಿ ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆ ಹೊಟ್ಟೆ ಅವಳ ಅಂಗೈಗಿಂತ ಸಣ್ಣದು. ಕಲ್ಲುಕುಟಿಗ ಉಳಿ ಸುತ್ತಿಗೆ ತೆಗೆದುಕೊಂಡು ಹೊರಟಾಗ ಒಂದೇ ಮಾತು ಕೇಳಿದಳು. "ಈ ಸಲ ಯಾರ ಕೈಗೆ ಕೊಡ್ತೀರಿ ಇವಳನ್ನ?"

ಕೋರೆಯಲ್ಲಿ ಅವನು ಕರಿಯ ತುಂಡೊಂದನ್ನು ಆರಿಸಿದ. ಉಳಿ ಇಟ್ಟ. ಸುತ್ತಿಗೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೆ ಹಾಗೇ ಕೂತ. ಕೊನೆಗೆ ಸುತ್ತಿಗೆ ಕೆಳಗಿಟ್ಟು, ಮೇಲೆ ನೋಡಿದ.

"ಸರಿ. ಮಾತಾಡೋಣ," ಎಂದ.

"ಒಂದು ವರ್ಷ ನಾನೂ ಮಾತಾಡಲಿಲ್ಲ, ನೀನೂ ಮಾತಾಡಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ. ನನ್ನ ಹಿರಿಯವಳನ್ನ ಕೊಡು ಅಂತ ನೀರಲ್ಲಿ ನಿಂತು ಕೂಗಿದೆ, ನೀನು ಕೊಡಲಿಲ್ಲ. ಅದನ್ನ ಮರೆತಿದೀನಿ ಅಂದ್ಕೋಬೇಡ. ನಿನ್ನ ಎದುರಿಗೆ ಬಂದು ನಿಂತ ದಿನ ನಾನು ಮೊದಲು ಕೇಳೋದೇ ಅದು. ಆದರೆ ನನ್ನ ಕಡೆಯ ನಿಜಾನೂ ಹೇಳ್ತೀನಿ, ಕೇಳು. ಅವತ್ತು ನಾನು ಅವಳನ್ನ ನಿನ್ನ ಕೈಗೆ ಕೊಟ್ಟೇ ಇರಲಿಲ್ಲ. ಕಲ್ಲಿನ ಕೈಗೆ ಕೊಟ್ಟು, ನೀನು ಪಕ್ಕದಲ್ಲಿ ನಿಂತು ನೋಡ್ಕೋ ಅಂದಿದ್ದೆ. ಈ ಕೂಸಿಗೆ ನಾನು ಕಲ್ಲು ಕಡಿಯಲ್ಲ. ಹಿಡಿದರೆ ನೀನು ಹಿಡಿ. ಬಿಟ್ಟರೂ ನೀನೇ ಬಿಟ್ಟೆ ಅಂತ ನನಗೆ ಗೊತ್ತಾಗಲಿ. ಬೈಯೋದಕ್ಕಾದರೂ ಎದುರಿಗೆ ಒಬ್ಬ ಇರಬೇಕು. ಕಲ್ಲನ್ನ ಬೈದು ಬೈದು ಸಾಕಾಗಿದೆ ನನಗೆ."

ಬೆಟ್ಟ ಸುಮ್ಮನಿತ್ತು, ಆಕಾಶ ಸುಮ್ಮನಿತ್ತು. ಆದರೆ ಕಲ್ಲಿನ ಮೌನ ಅವನಿಗೆ ಚೆನ್ನಾಗಿ ಗೊತ್ತು, ಇಪ್ಪತ್ತು ವರ್ಷದ ಪರಿಚಯ. ಇದು ಆ ಮೌನವಲ್ಲ. ಇದು ಯಾರೋ ಕೇಳಿಸಿಕೊಳ್ಳುತ್ತಿರುವ ಮೌನ. ಅವನು ಬರಿಗೈಯಲ್ಲಿ ಬೆಟ್ಟ ಇಳಿದ.

ಮಾರನೆಯ ದಿನ ಪ್ರಾರ್ಥನೆ ಮನೆ ತುಂಬಿತ್ತು. ಪಾದ್ರಿ ದೀಕ್ಷಾಸ್ನಾನದ ಬೋಗುಣಿ ಹಿಡಿದು ನಿಂತಿದ್ದರು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಕಲ್ಲು ಪಾದ್ರಿಯದು. ಅದಕ್ಕೆ ಎರಡು ಹಗ್ಗ ಬೇಕಾಗುತ್ತಿತ್ತು. ತೂಗುವವನು ಹೊಸ ಉಡಿದಾರ ಬಿಚ್ಚಿ ಹಿಡಿದ.

"ಎಲ್ಲಿ ಕಲ್ಲು?"

"ಇಲ್ಲ."

"ಮನೇಲಿ ಮರೆತು ಬಂದೆಯಾ?"

"ಕಡಿದಿಲ್ಲ."

ಬೆಂಚುಗಳ ಮೇಲೆ ಕಲ್ಲುಗಳು ಒಮ್ಮೆ ಅಲುಗಿದವು. ಪಾದ್ರಿ ಮೆತ್ತಗಿನ ದನಿಯಲ್ಲಿ ಹೇಳಿದರು, "ಮಗನೇ, ನಿನ್ನ ದುಃಖ ನನಗೆ ಗೊತ್ತು. ಆದರೆ ಕಲ್ಲು ನಾವು ಕಟ್ಟಿಕೊಂಡದ್ದಲ್ಲ, ದೇವರು ಕೊಟ್ಟದ್ದು."

"ದೇವರು ಬೆಟ್ಟ ಕೊಟ್ಟ, ಅಯ್ನೋರೇ. ಕಲ್ಲು ಮಾಡಿದವನು ನಾನು. ನಿಮ್ಮದೂ ನಾನೇ ಮಾಡಿದ್ದು. ನಿಮ್ಮದರಲ್ಲಿ ಬಲಗಡೆ ಒಂದು ಬಿರುಕಿತ್ತು, ಸುಣ್ಣ ಮೆತ್ತಿ ಮುಚ್ಚಿದೀನಿ. ದೇವರು ಕೊಟ್ಟದ್ದಕ್ಕೆ ಯಾರಾದರೂ ಸುಣ್ಣ ಮೆತ್ತುತ್ತಾರಾ?"

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕು, ಬಾಯಿ ಮುಚ್ಚಿಕೊಂಡರು. ಪಾದ್ರಿಯ ಕೈ ತಾನಾಗಿ ಕಲ್ಲಿನ ಬಲಮಗ್ಗುಲಿಗೆ ಹೋಯಿತು.

"ಹಾಗಾದರೆ ನೀನು ದೇವರನ್ನು ನಂಬಲ್ಲ," ಎಂದ ತೂಗುವವನು.

"ನಾನು ಈಗ ತಾನೇ ನಂಬೋಕೆ ಶುರು ಮಾಡಿದೀನಿ. ಅದಕ್ಕೇ ಇಷ್ಟು ಗಲಾಟೆ." ಕಲ್ಲುಕುಟಿಗ ತನ್ನ ಸೊಂಟದ ಗಂಟಿಗೆ ಉಳಿ ಹಾಕಿದ. ಇಪ್ಪತ್ತು ವರ್ಷ ಸಂಜೆ ಸಂಜೆ ತಪ್ಪದೆ ಕಟ್ಟಿಕೊಂಡ ಕಲ್ಲು ನೆಲಕ್ಕೆ ಬಿದ್ದು ಪ್ರಾರ್ಥನೆ ಮನೆಯೆಲ್ಲ ಗುಡುಗಿತು. "ಎರಡನ್ನೂ ನಂಬಿ ನೋಡಿದೆ. ಎರಡರಲ್ಲಿ ಒಂದು ನನ್ನ ಮಗಳನ್ನ ನೀರಿನ ಕೆಳಗೆ ಹಿಡಿದುಕೊಂಡಿತ್ತು. ಯಾವುದು ಅಂತ ನನಗೆ ಗೊತ್ತು. ಇವಳನ್ನ ದೇವರ ಕೈಗೇ ಕೊಡ್ತಿದೀನಿ, ಬರೀ ನೀರು ಹಾಕಿ, ಅಯ್ನೋರೇ. ಸಾಕು."

ಪಾದ್ರಿ ನೀರು ಹಾಕಲಿಲ್ಲ. ಬೋಗುಣಿ ಕೆಳಗಿಟ್ಟರು. ತೂಗುವವನು ಎಲ್ಲರಿಗೂ ಕೇಳುವ ಹಾಗೆ ಸಾರಿದ: "ಗಾಳಿ ಬಂದ ದಿನ ಈ ಮೂವರಿಗೆ ಇಲ್ಲಿ ಜಾಗವಿಲ್ಲ. ಹಗುರವಾದವರು ಒಳಗಿದ್ದರೆ ಅವರನ್ನು ಹುಡುಕಿಕೊಂಡು ಗಾಳಿ ಒಳಗೇ ಬರುತ್ತದೆ."

ಅವರು ಹೊರಗೆ ಬಂದಾಗ ಮಾಡಿನ ಮೇಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಬೆಟ್ಟ ದಾಟಿ ಹೋದವು.

ಮೂರನೆಯ ದಿನ ಮಧ್ಯಾಹ್ನಕ್ಕೆ ಮೊದಲು ಸಮುದ್ರ ಸೀಸದ ಬಣ್ಣಕ್ಕೆ ತಿರುಗಿತು. ಊರು ಪ್ರಾರ್ಥನೆ ಮನೆ ಸೇರಿ ಬಾಗಿಲು ಹಾಕಿಕೊಂಡಿತು. ಕಲ್ಲುಕುಟಿಗ ಅಂಗಳದಲ್ಲಿ ನಿಂತು, ಗಾಳಿ ಬರುವ ದಿಕ್ಕಿಗೆ ಎದೆಯೊಡ್ಡಿದ.

"ಏನು ಮಾಡ್ತಿದ್ದೀರಿ?" ಹೆಂಡತಿ ಕೇಳಿದಳು.

"ನಿಂತಿದೀನಿ. ನಂಬಿಕೆಯಿಂದ."

"ನಂಬೋದು ಅಂದರೆ ಬಯಲಲ್ಲಿ ಬೆಪ್ಪನ ಹಾಗೆ ನಿಲ್ಲೋದಾ? ಇಪ್ಪತ್ತು ವರ್ಷದಿಂದ ಬೆಟ್ಟದಲ್ಲಿ ಒಂದು ಮನೆಯಷ್ಟು ಜಾಗ ನಿಮ್ಮ ಕೈಯಲ್ಲೇ ಮಾಡಿಸಿಟ್ಟಿದಾನೆ ದೇವರು. ನಡೀರಿ ಕೋರೆಗೆ." ಕೂಸನ್ನು ಸೆರಗಿನಿಂದ ಎದೆಗೆ ಬಿಗಿದುಕೊಂಡಳು. ಆಮೇಲೆ ತನ್ನ ಹಗ್ಗವನ್ನು ಕುಡುಗೋಲಿನಿಂದ ಕೊಯ್ದು ಕಲ್ಲನ್ನು ಕಾಲಿನಿಂದ ಆಚೆ ನೂಕಿದಳು. "ಇಷ್ಟು ವರ್ಷ ಇದನ್ನೂ ಹೊತ್ತೆ, ನಿಮ್ಮನ್ನೂ ಹೊತ್ತೆ. ಒಂದನ್ನಾದರೂ ಇಳಿಸ್ತೀನಿ."

ಅರ್ಧ ದಾರಿಯಲ್ಲಿ ಗಾಳಿ ಸಿಕ್ಕಿತು. ಹೆಂಡತಿ ಬಂಡೆಗೆ ಅಂಟಿಕೊಂಡು, ಕೂಸನ್ನು ಮೈಯಿಂದ ಮುಚ್ಚಿ, ತೆವಳಿ ತೆವಳಿ ಮೇಲಕ್ಕೆ ಹೋದಳು. ಅವನ ಕಾಲು ನೆಲ ಬಿಟ್ಟಿತು. ಮುತ್ತಜ್ಜನ ಕಾಲದಿಂದ ಊರೆಲ್ಲ ಯಾವುದಕ್ಕೆ ನಡುಗಿ ಸೊಂಟ ಸವೆಸಿಕೊಂಡಿತ್ತೋ ಅದೇ ಅವನಿಗೆ ಆಯಿತು. ಗಾಳಿ ಅವನನ್ನು ಎತ್ತಿತು. ಹತ್ತು ಮಾರು ಒಯ್ದಿತು. ಒಂದು ಮುಳ್ಳಿನ ಪೊದೆಯ ಮೇಲೆ ಎಸೆಯಿತು. ಎಡಗೈ ಮುರಿಯಿತು, ಮುಖವೆಲ್ಲ ಗೀರಿತು. ಅವನು ಪೊದೆಯಲ್ಲಿ ಅಂಗಾತ ಬಿದ್ದು ನೋವಿನಲ್ಲೇ ನಗತೊಡಗಿದ.

"ಇಷ್ಟೇನಾ?" ಎಂದು ಗಾಳಿಯನ್ನು ಕೇಳಿದ. "ಏಯ್, ಇಷ್ಟೇನಾ ನೀನು?"

ಕೋರೆಯ ಟೊಳ್ಳಿಗೆ ಗಾಳಿ ಪೂರ್ತಿ ಬರುತ್ತಿರಲಿಲ್ಲ. ಬಾಯಿಯಲ್ಲಿ ನಿಂತು ಅಬ್ಬರಿಸುತ್ತಿತ್ತು. ಹೆಂಡತಿ ಸೆರಗಿನ ಅಂಚು ಹರಿದು ಅವನ ಕೈ ಕಟ್ಟಿದಳು. ಆಗ ಕೆಳಗೆ ನೋಡಿದರು. ಈ ವರ್ಷವೂ ಗಾಳಿಯ ಹಿಂದೆ ಸಮುದ್ರ ಬಂದಿತ್ತು. ಮನೆಗಳ ಹೊಸ್ತಿಲು ಮುಳುಗಿದವು, ಕಿಟಕಿ ಮುಳುಗಿದವು. ಪ್ರಾರ್ಥನೆ ಮನೆಯ ಮೆಟ್ಟಿಲು ಒಂದೊಂದಾಗಿ ನೀರಿನೊಳಗೆ ಹೋಗುತ್ತಿದ್ದವು. ಒಳಗೆ ಊರೆಲ್ಲ ಇತ್ತು, ಒಬ್ಬೊಬ್ಬರ ಸೊಂಟದಲ್ಲೂ ಅವನು ಕಡಿದ ಕಲ್ಲಿತ್ತು.

"ಹೋಗ್ತೀರಿ ತಾನೆ?" ಎಂದಳು ಹೆಂಡತಿ.

"ಕೂಸು?"

"ಕೂಸನ್ನ ಯಾರ ಕೈಗೆ ಕೊಟ್ಟಿದೀನಿ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳಿದ್ರಿ. ನನಗೂ ಕೇಳಿಸ್ತು."

ಅವನು ಏಳಲಿಲ್ಲ. ಕಲ್ಲು ಬಿಚ್ಚಿ ಎಸೆದದ್ದು ಸುಲಭವಾಗಿತ್ತು. ಆಗ ಕೂಸು ಕೈಗೆ ಎಟಕುವಷ್ಟು ದೂರದಲ್ಲಿತ್ತು, ಗಾಳಿ ಬಂದರೆ ತಾನೇ ಅಡ್ಡ ನಿಂತರಾಯಿತು ಎಂದುಕೊಂಡಿದ್ದ. ದೇವರನ್ನು ನಂಬಿದೆ ಎಂದು ಹೇಳಿ ತನ್ನ ಕೈಯನ್ನು ನಂಬಿದ್ದ. ಆ ಕೈ ಈಗ ಮುರಿದು ಸೆರಗಿನ ತುಂಡಿನಲ್ಲಿ ನೇತಾಡುತ್ತಿತ್ತು. ಉಳಿದ ಒಂದು ಕೈ ಕೆಳಗೆ ಬೇಕಾಗಿತ್ತು.

ಕೂಸಿನ ತಲೆಗೆ ಹಣೆ ತಾಗಿಸಿದ. "ಇಕೋ," ಎಂದ, ಯಾರಿಗೆ ಎಂದು ಹೆಂಡತಿಗೆ ಗೊತ್ತಾಯಿತು. "ಈಗ ಪೂರ್ತಿ ನಿನ್ನ ಕೈಲಿದೆ. ಹೋದ ಸಲದ ಹಾಗೆ ಮಾಡಿದರೂ ನಾನು ನಿನ್ನನ್ನ ಬಿಟ್ಟು ಹೋಗೋನಲ್ಲ. ತಿರುಗಿ ಬಂದು ಕೇಳೋನು ನಾನು." ಉಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೆಟ್ಟ ಇಳಿದ.

ಪ್ರಾರ್ಥನೆ ಮನೆಯ ಬಾಗಿಲನ್ನು ನೀರೇ ಒಡೆದಿತ್ತು. ಒಳಗೆ ಸೊಂಟದ ಮಟ್ಟ. ಜನ ಬೆಂಚುಗಳ ಮೇಲೆ ನಿಂತು ಎರಡೂ ಕೈಯಿಂದ ಕಲ್ಲನ್ನು ತಬ್ಬಿಕೊಂಡಿದ್ದರು. ಅವನನ್ನು ಕಂಡು ಕಿರುಚಿದರು. "ಹಗುರದವನು ಬಂದ! ಗಾಳಿಯನ್ನ ಒಳಗೆ ತಂದ!"

"ಗಾಳಿ ಹೊರಗಿದೆ. ಒಳಗಿರೋದು ನೀರು," ಎಂದ ಕಲ್ಲುಕುಟಿಗ. "ನಿಮ್ಮನ್ನ ಮುಳುಗಿಸ್ತಿರೋದು ನನ್ನ ಕೈಕೆಲಸ. ಕೊಡಿ ಇಲ್ಲಿ ಹಗ್ಗ."

ಯಾರೂ ಮುಂದೆ ಬರಲಿಲ್ಲ. ಆಗ ಮೂಲೆಯಿಂದ ಹಣ್ಣು ಹಣ್ಣು ಮುದುಕಿಯೊಬ್ಬಳು, ಊರಿನ ಸೂಲಗಿತ್ತಿ, ನೀರು ಸೀಳಿಕೊಂಡು ಬಂದು ಸೊಂಟ ತೋರಿಸಿದಳು. "ಕತ್ತರಿಸಪ್ಪಾ. ಈ ಊರಿನವರನ್ನೆಲ್ಲ ಮೊದಲು ಹಿಡಿದದ್ದು ನನ್ನ ಕೈ. ನಲವತ್ತು ದಿನ ಎಲ್ಲರೂ ಹಗುರವಾಗೇ ಇದ್ದಿರಿ, ಒಬ್ಬರನ್ನೂ ಗಾಳಿ ಒಯ್ಯಲಿಲ್ಲ. ಇಷ್ಟು ವರ್ಷ ಬಾಯಿ ಬಿಟ್ಟು ಹೇಳಲಿಲ್ಲ ನಾನು, ಮುದಿ ಹೆದರುಪುಕ್ಕಲಿ."

ಅವಳ ಹಗ್ಗ ಹೋಯಿತು. ಮುದುಕಿ ನೀರಿನಲ್ಲಿ ಬೆಂಡಿನ ಹಾಗೆ ಮೇಲೆದ್ದಳು. ಅದನ್ನು ನೋಡಿ ಒಬ್ಬ ತಾಯಿ ತನ್ನ ಮಗುವಿನ ಸೊಂಟ ಮುಂದೆ ಮಾಡಿದಳು. ಆಮೇಲೆ ದರ್ಜಿ. ಆಮೇಲೆ ಒಂದಾದ ಮೇಲೊಂದು ಬೆಂಚು. ನೀರು ಎದೆಗೆ ಬಂತು, ಉಳಿ ಆಡಿತು. ಕಲ್ಲುಗಳು ಒಂದೊಂದಾಗಿ ಕೆಳಗೆ ಬಿದ್ದವು. ಜನ ಒಬ್ಬೊಬ್ಬರಾಗಿ ಬಾಗಿಲಿನಿಂದ ತೇಲಿ ಹೊರಬಿದ್ದರು, ಒಬ್ಬರ ಕೂದಲು ಒಬ್ಬರು ಹಿಡಿದು.

ತೂಗುವವನು ತನ್ನ ಹಗ್ಗ ಕೊಡಲಿಲ್ಲ. ಕಲ್ಲುಕುಟಿಗ ಬಲವಂತದಿಂದ ಕೊಯ್ದ. ಬಿಡುಗಡೆಯಾದ ಕಲ್ಲನ್ನು ತೂಗುವವನು ಬಗ್ಗಿ ಎರಡೂ ತೋಳಿನಿಂದ ಅಪ್ಪಿಕೊಂಡ. ಹಗ್ಗವನ್ನು ಕೊಯ್ಯಬಹುದು, ತೋಳನ್ನು ಕೊಯ್ಯುವುದು ಹೇಗೆ? ಕಲ್ಲುಕುಟಿಗ ಒಂದೇ ಕೈಯಲ್ಲಿ ಎಳೆದ, ಬೈದ, ಅತ್ತ. ನೀರು ತೂಗುವವನ ತಲೆಯ ಮೇಲೆ ಮುಚ್ಚಿಕೊಂಡಿತು. ಅವನು ಮತ್ತೆ ಕಾಣಲಿಲ್ಲ.

ಕೊನೆಗೆ ಉಳಿದವರು ಪಾದ್ರಿ. ಪ್ರಸಂಗದ ಪೀಠವನ್ನು ಹಿಡಿದು ನಿಂತಿದ್ದರು. ನೀರು ಗಡ್ಡ ಮುಟ್ಟಿತ್ತು.

"ಇದನ್ನ ಬಿಟ್ಟರೆ," ಎಂದರು, "ಇದನ್ನ ಬಿಟ್ಟರೆ ನನ್ನನ್ನ ಯಾರಪ್ಪ ಹಿಡಿಯೋರು?"

"ಅದನ್ನ ಪ್ರತಿ ಭಾನುವಾರ ನೀವೇ ನಮಗೆ ಹೇಳ್ತಿದ್ರಲ್ಲ, ಅಯ್ನೋರೇ."

ಪಾದ್ರಿ ಕಣ್ಣು ಮುಚ್ಚಿದರು. ಎರಡು ಹಗ್ಗಗಳಲ್ಲಿ ಒಂದನ್ನು ಕಲ್ಲುಕುಟಿಗ ಕೊಯ್ದ. ಇನ್ನೊಂದನ್ನು ಪಾದ್ರಿ ಉಳಿ ಕಿತ್ತುಕೊಂಡು ತಾವೇ ಕೊಯ್ದುಕೊಂಡರು.

ಬೆಟ್ಟ ಹತ್ತುವಾಗ ಗಾಳಿ ಯಾರನ್ನೂ ಸುಮ್ಮನೆ ಬಿಡಲಿಲ್ಲ. ಎತ್ತಿ ಕುಕ್ಕಿತು, ಉರುಳಿಸಿತು, ದರ್ಜಿಯ ಹಲ್ಲು ಮುರಿಯಿತು. ಎತ್ತಿದ ಪ್ರತಿಯೊಬ್ಬರನ್ನೂ ಎಲ್ಲೋ ಒಂದು ಕಡೆ ಇಳಿಸಿತು. ಇಳಿದವರು ಎದ್ದು ಮತ್ತೆ ಹತ್ತಿದರು. ಹುಟ್ಟಿದ ಮೇಲೆ ಮೊದಲ ಸಲ ಓಡಿದ ಮಕ್ಕಳು ಅಳುವುದೋ ನಗುವುದೋ ತಿಳಿಯದೆ ಕೂಗುತ್ತಿದ್ದವು.

ಕಲ್ಲುಕುಟಿಗ ಎಲ್ಲರಿಗಿಂತ ಹಿಂದೆ ಬಂದ. ಕೋರೆಯ ಒಳಗೆ ಇಡೀ ಊರು ಒತ್ತೊತ್ತಾಗಿ ಕೂತಿತ್ತು. ಒದ್ದೆ ತಲೆಗಳು, ಒದ್ದೆ ಬೆನ್ನುಗಳು. ಹೆಂಡತಿ ಕಾಣಲಿಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸುತ್ತಾ ಒಳಗೆ ಹೋದ. ಟೊಳ್ಳಿನ ತೀರಾ ಹಿಂದೆ, ಬಂಡೆಗೆ ಒರಗಿ, ಅವಳು ಕೂಸಿಗೆ ಹಾಲು ಕೊಡುತ್ತಿದ್ದಳು. ಕೂಸು ಗಾಳಿಯ ಸದ್ದನ್ನು ಲೆಕ್ಕಿಸದೆ ಗುಟುಕು ಗುಟುಕಾಗಿ ಕುಡಿಯುತ್ತಿತ್ತು.

"ಮೆಲ್ಲಗೆ," ಎಂದಳು ಹೆಂಡತಿ. "ನಿಮ್ಮ ಮೈಯಿಂದ ನೀರು ತೊಟ್ಟಿಕ್ತಿದೆ ಇವಳ ಮೇಲೆ."

ಪಾದ್ರಿ ಹತ್ತಿರ ತೆವಳಿ ಬಂದರು. ಕೂಸನ್ನು ನೋಡಿದರು, ಆಮೇಲೆ ಹೊರಗೆ ನೋಡಿದರು. ಆಕಾಶದಲ್ಲಿ ಇನ್ನೊಂದು ಕಪ್ಪು ಗೋಡೆ ಏಳುತ್ತಿತ್ತು, ಮೊದಲಿನದಕ್ಕಿಂತ ಎತ್ತರ.

"ಇದು ಇನ್ನೂ ಜೋರಾಗ್ತಿದೆಯಲ್ಲಪ್ಪ."

"ಹೌದು."

"ನಿಂತೀತು ಅಂತ ನಿನಗೆ ನಂಬಿಕೆ ಇದೆಯಾ?"

"ಗಾಳಿಯ ಮೇಲೆ ನನಗೆ ಯಾವ ನಂಬಿಕೆಯೂ ಇಲ್ಲ, ಅಯ್ನೋರೇ," ಎಂದ ಕಲ್ಲುಕುಟಿಗ. "ಅದನ್ನ ನಂಬಿ ನಾನು ಇಲ್ಲಿಗೆ ಬಂದಿಲ್ಲ."

ಅವನು ಎದ್ದು, ಜನರ ಕಾಲುಗಳನ್ನು ದಾಟಿಕೊಂಡು, ಕೋರೆಯ ಬಾಯಿಗೆ ಹೋದ. ಮುರಿದ ಕೈಯನ್ನು ಮಡಿಲಿಗೆ ಹಾಕಿಕೊಂಡು, ಗಾಳಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕೂತ. ಮೊದಲ ಹನಿಗಳು ಮುಖಕ್ಕೆ ಕಲ್ಲಿನ ಹರಳಿನಂತೆ ಬಡಿದವು. ಒರೆಸಿಕೊಳ್ಳಲಿಲ್ಲ.

"ಬೀಸು," ಎಂದ.